ಕಾರವಾರದಲ್ಲೇ ಸಿಕ್ಕಿತು ಎಡಚಿ ಮಗಳ ಬೇಸ್‌ಬಾಲ್ ಗ್ಲೌಸ್

ನನ್ನ ಮಗಳು ಎಡಗೈಯಲ್ಲಿ ಎಸೆಯುತ್ತಾಳೆ. ಅವಳಿಗೆ ಬಲಗೈಗೆ ಹಾಕುವ ಗ್ಲೌಸ್ ಬೇಕು. ಕಾಜುಬಾಗದ ಪುಟ್ಟ ಅಂಗಡಿಯವರು ಹುಬ್ಬಳ್ಳಿಯಿಂದ ಎಂಟೇ ದಿನಕ್ಕೆ ತರಿಸಿಕೊಟ್ಟರು. 1,650 ರೂಪಾಯಿ. ಚರ್ಮ ಗಟ್ಟಿ, ಮೊದಲು ಮಡಚುವುದೇ ಕಷ್ಟ. "ಒಳಗೊಂದು ಚೆಂಡಿಟ್ಟು ರಾತ್ರಿ ಕಟ್ಟಿಡಿ ಅಕ್ಕಾ" ಅಂದರು. ನಾಲ್ಕು ರಾತ್ರಿಗೆ ಹದಕ್ಕೆ ಬಂತು. ಬೆರಳಿನ ಲೇಸು ಮಾತ್ರ ತಿಂಗಳಿಗೇ ಸಡಿಲಾಯಿತು, ಅದು ಬೇಜಾರು. ನಮ್ಮೂರ ಮಳೆಗಾಲದಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ, ಒರೆಸಿ ಗಾಳಿಗಿಡಬೇಕು.

ಆರ್ಡರ್ ಕೊಟ್ಟ ದಿನ ಮಗಳು ಜಿಲ್ಲಾ ತಂಡಕ್ಕೆ ಆಯ್ಕೆಯಾಗದೆ ಅಳುತ್ತಿದ್ದಳು. ಅಂಗಡಿಯವರು ಸ್ಟೂಲ್ ಎಳೆದು ಕೂರಿಸಿ ಅಮೆರಿಕದ ಕತೆ ಹೇಳಿದರು. ಬೇಸ್‌ಬಾಲ್ ಹುಟ್ಟಿ ಬೆಳೆದ ದೇಶ. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಚಿನ್ನ. 2004ರ ಅಥೆನ್ಸ್ ಒಲಿಂಪಿಕ್ಸ್‌ಗಾಗಿ 2003ರಲ್ಲಿ ಪನಾಮಾದಲ್ಲಿ ನಡೆದ ಅರ್ಹತಾ ಟೂರ್ನಿಯ ಕ್ವಾರ್ಟರ್ ಫೈನಲ್‌ನಲ್ಲಿ ಮೆಕ್ಸಿಕೊಗೆ 2-1ರಿಂದ ಸೋಲು. ಉತ್ತರ, ದಕ್ಷಿಣ ಅಮೆರಿಕದ ದೇಶಗಳಿಗೆಲ್ಲ ಸೇರಿ ಇದ್ದದ್ದು ಎರಡೇ ಜಾಗ, ಕ್ಯೂಬಾ ಮತ್ತು ಕೆನಡಾ ಪಡೆದವು. ಚಿನ್ನ ಗೆದ್ದವರು ಅಥೆನ್ಸ್‌ಗೆ ಹೋಗಲೇ ಇಲ್ಲ! 2008ರ ಬೀಜಿಂಗ್‌ಗೆ ಹೋಗಿ ಕಂಚು ತಂದರು. ಮಗಳು ಕಣ್ಣೊರೆಸಿಕೊಂಡು, "ಮೆಕ್ಸಿಕೊ ಹೋಯ್ತಾ ಹಾಗಾದ್ರೆ?" ಅಂತ ಕೇಳಿದಳು. ಅದೂ ಇಲ್ಲ.

ಗಿರಾಕಿ ಜಾಸ್ತಿ ಇದ್ದರೂ ಮಗುವಿಗೆ ಇಷ್ಟು ಹೊತ್ತು ಕೊಡುವವರು ಎಲ್ಲಿ ಸಿಗ್ತಾರೆ, ಅಲ್ವಾ? ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಿರುತ್ತದೆ.