ಮಡಚುವ ಸೋಲಾರ್ ಪ್ಯಾನೆಲ್ ತಗೊಂಡಿದ್ದೀರಾ? ಅದರ ಹಿಂದಿನ ಜೇಬಿನಲ್ಲಿ ಪವರ್ ಬ್ಯಾಂಕ್ ಇಡಬೇಡಿ

ನಮ್ಮ ಸೋದರಮಾವ ಕುರಿ ಕಾಯುವವರು. ಊರು ಕುಷ್ಟಗಿ ಕಡೆ. ಆದರೆ ವರ್ಷದಲ್ಲಿ ಏಳೆಂಟು ತಿಂಗಳು ಊರಲ್ಲಿ ಇರುವುದೇ ಇಲ್ಲ. ಭತ್ತದ ಕೊಯ್ಲು ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಗಂಗಾವತಿ, ಸಿಂಧನೂರು ಕಡೆ ಹೋಗುತ್ತಾರೆ. ಅಲ್ಲಿ ಗೊಬ್ಬರಕ್ಕೆ ಅಂತ ರೈತರು ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ, ದುಡ್ಡೋ ಕಾಳೋ ಕೊಡುತ್ತಾರೆ. ಬಯಲಲ್ಲಿ ಹಟ್ಟಿ, ಕರೆಂಟ್ ಎಲ್ಲಿಂದ ಬರಬೇಕು? ಮೊಬೈಲ್ ಚಾರ್ಜ್ ಮಾಡಲು ಹತ್ತಿರದ ಊರಿನ ಚಹಾ ಅಂಗಡಿಗೆ ಹೋಗಬೇಕು, ಅಲ್ಲೇ ಅರ್ಧ ದಿನ ಹೋಗುತ್ತೆ. ಟಾರ್ಚ್ ಅಂತೂ ಬೇಕೇ ಬೇಕು. ರಾತ್ರಿ ತೋಳ ಬಂದಾಗ ಟಾರ್ಚ್ ಸತ್ತಿದ್ದರೆ ಬೆಳಿಗ್ಗೆ ಮರಿ ಲೆಕ್ಕ ಹಾಕಬೇಕಾಗುತ್ತೆ.

ಅದಕ್ಕೇ ಹೋದ ಬೇಸಿಗೆಯಲ್ಲಿ ನಾನು ಜಾಣತನ ತೋರಿಸಲು ಹೋದೆ. ಆನ್‌ಲೈನ್‌ನಲ್ಲಿ ಪುಸ್ತಕದ ಹಾಗೆ ಮಡಚುವ ಸೋಲಾರ್ ಪ್ಯಾನೆಲ್ ಒಂದು ಸಿಕ್ಕಿತು. ನಾಲ್ಕು ಮಡಿಕೆ, ಮೇಲೆ ದೊಡ್ಡದಾಗಿ '100 ವ್ಯಾಟ್', ಬೆಲೆ 2,800 ರೂಪಾಯಿ. ಜೊತೆಗೆ ಅವರದ್ದೇ 20,000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನುವ ಅಳತೆ) ಪವರ್ ಬ್ಯಾಂಕ್, ಅದು ಬೇರೆ 900. ಎರಡನ್ನೂ ಬೈಕ್ ಮೇಲೆ ಒಯ್ದು ಮಾವನಿಗೆ ಕೊಟ್ಟು, ಹೇಗೆ ಬಿಚ್ಚಬೇಕು, ವೈರ್ ಎಲ್ಲಿ ಚುಚ್ಚಬೇಕು ಎಲ್ಲ ಹೇಳಿ ಬಂದೆ. ಪ್ಯಾನೆಲ್ ಹಿಂದೆ ಬಟ್ಟೆಯ ಜೇಬು ಇದೆ, ಅದರೊಳಗೇ ಯುಎಸ್‌ಬಿ ಡಬ್ಬಿ. 'ಪವರ್ ಬ್ಯಾಂಕ್ ಇದರಲ್ಲೇ ಇಡಿ ಮಾವ, ಕಳೆದುಹೋಗಲ್ಲ' ಅಂತ ನಾನೇ ಹೇಳಿದ್ದು. ಪೆಟ್ಟಿಗೆ ಮೇಲಿನ ಚಿತ್ರದಲ್ಲೂ ಹಾಗೇ ಇತ್ತು. ತಪ್ಪು ನಂದೂ ಇದೆ.

ಹತ್ತು ದಿನಕ್ಕೆ ಫೋನ್ ಬಂತು. 'ಏನ್ ಅಳಿಯಾ, ನಿನ್ನ ಪ್ಯಾನಲ್ಲು ಮೊಬೈಲಿಗೆ ಕರೆಂಟ್ ಕೊಡೂದು ಬಿಟ್ಟು ಪೂರಿ ಕರಿಯಾಕ ಹತ್ತೈತಲ್ಲ!' ನನಗೆ ಮೊದಲು ಅರ್ಥ ಆಗಲಿಲ್ಲ. ಹೋಗಿ ನೋಡಿದರೆ ಪವರ್ ಬ್ಯಾಂಕ್ ನಿಜವಾಗಲೂ ಪೂರಿಯ ಹಾಗೆ ಉಬ್ಬಿದೆ. ಪ್ಲಾಸ್ಟಿಕ್ ಚಿಪ್ಪು ಒಂದು ಕಡೆ ಬಾಯಿ ಬಿಟ್ಟಿದೆ, ಸಂದಿಯಿಂದ ಬೆಳ್ಳಿ ಬಣ್ಣದ ಹಾಳೆ ಕಾಣುತ್ತಿದೆ, ಉಗುರುಬಣ್ಣ ತೆಗೆಯುವ ನೀರಿನಂಥ ಸಿಹಿ ಸಿಹಿ ವಾಸನೆ. ಅದನ್ನು ಮಾವ ಎಲ್ಲಿ ಇಟ್ಟಿದ್ದರು ಗೊತ್ತಾ? ಕಂಬಳಿ, ಬಟ್ಟೆ, ಬೆಂಕಿಪೊಟ್ಟಣ ಎಲ್ಲ ಇರುವ ಚೀಲದಲ್ಲಿ. ಎರಡು ರಾತ್ರಿ ಆ ಚೀಲವನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದರು. ಈಗಲೂ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತೆ.

ಆಗಿದ್ದು ಇಷ್ಟೇ. ಪ್ಯಾನೆಲ್‌ಗೆ ಬೇಕಾಗಿರುವುದು ಬೆಳಕು, ಬಿಸಿ ಅಲ್ಲ. ಬ್ಯಾಟರಿಗೆ ಬಿಸಿ ಅಂದರೆ ಆಗುವುದೇ ಇಲ್ಲ. ಪವರ್ ಬ್ಯಾಂಕ್ ಒಳಗಿನ ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿ ದಾಟಿದರೆ ಚಾರ್ಜ್ ಮಾಡಬಾರದು. ನಮ್ಮ ಕಡೆ ಮೇ ತಿಂಗಳಲ್ಲಿ ನೆರಳಲ್ಲೇ 40 ದಾಟುತ್ತೆ. ಅಂಥದ್ದರಲ್ಲಿ ಕಪ್ಪು ಪ್ಯಾನೆಲ್ ಮಧ್ಯಾಹ್ನದ ಬಿಸಿಲಿಗೆ ಕಾದು ಹಂಚಾಗಿರುತ್ತೆ. ಅದರ ಬೆನ್ನಿಗೆ ಅಂಟಿಕೊಂಡ ಗಾಳಿಯಾಡದ ಜೇಬು, ಅದರೊಳಗೆ ಚಾರ್ಜ್ ಆಗುತ್ತಾ ತಾನೂ ಬಿಸಿಯಾಗುವ ಬ್ಯಾಟರಿ. ಒಳಗೆ ಗ್ಯಾಸ್ ಹುಟ್ಟಿ ಉಬ್ಬದೆ ಇನ್ನೇನು ಆಗುತ್ತೆ? ಒಳ್ಳೆಯ ಪವರ್ ಬ್ಯಾಂಕ್ ಆಗಿದ್ದರೆ ಬಿಸಿ ಜಾಸ್ತಿ ಆದಾಗ ತಾನೇ ಚಾರ್ಜ್ ನಿಲ್ಲಿಸುತ್ತಿತ್ತೇನೋ. ಇದು ನಿಲ್ಲಿಸಲಿಲ್ಲ. ಆಮೇಲೆ ತಿರುಗಿಸಿ ನೋಡಿದೆ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತೂ ಇಲ್ಲ, ಅದರ ಜೊತೆ ಇರಬೇಕಾದ 'ಆರ್' ಅಕ್ಷರದ ಎಂಟು ಅಂಕಿ ನಂಬರೂ ಇಲ್ಲ. ನಮ್ಮ ದೇಶದಲ್ಲಿ ಮಾರುವ ಪವರ್ ಬ್ಯಾಂಕ್‌ಗೆ ಅದು ಕಡ್ಡಾಯ. ಕೊಳ್ಳುವಾಗ ನಾನು ನೋಡಿದ್ದು ಬರೀ ಸ್ಟಾರ್ ಎಷ್ಟಿವೆ ಅಂತ.

ಸಿಟ್ಟು ಬಂದು ಪ್ಯಾನೆಲ್ ಕೊಪ್ಪಳಕ್ಕೆ ತಂದೆ. ಎಷ್ಟು ವ್ಯಾಟ್ ಬರುತ್ತೆ ಅಂತ ತೋರಿಸುವ ಮುನ್ನೂರು ರೂಪಾಯಿಯ ಯುಎಸ್‌ಬಿ ಮೀಟರ್ ತಂದು ಮಾಳಿಗೆ ಮೇಲೆ ಕೂತೆ. ಬೆಳಿಗ್ಗೆ ಹನ್ನೊಂದೂವರೆ, ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ. ಎರಡೂ ಯುಎಸ್‌ಬಿ ಸೇರಿಸಿದರೆ 17 ವ್ಯಾಟ್ ಬಂತು. ನೂರು ಎಲ್ಲಿ, ಹದಿನೇಳು ಎಲ್ಲಿ! ಎರಡು ಗಂಟೆಗೆ ಮತ್ತೆ ನೋಡಿದೆ, 14.

ಟೇಪ್ ಹಿಡಿದು ಅಳೆದಿದ್ದರೆ ಈ ಮೋಸ ಮೊದಲ ದಿನವೇ ಗೊತ್ತಾಗುತ್ತಿತ್ತು. ಒಂದು ಮಡಿಕೆಯಲ್ಲಿ ಕಪ್ಪು ಭಾಗ 25 ಸೆಂಟಿಮೀಟರ್ ಉದ್ದ, 16 ಅಗಲ. ನಾಲ್ಕೂ ಸೇರಿದರೆ 0.16 ಚದರ ಮೀಟರ್. ನೆತ್ತಿ ಮೇಲಿನ ಒಳ್ಳೆಯ ಬಿಸಿಲು ಅಂದರೆ ಒಂದು ಚದರ ಮೀಟರಿಗೆ ಸುಮಾರು 1,000 ವ್ಯಾಟ್. ಅಂದರೆ ಈ ಪ್ಯಾನೆಲ್ ಮೇಲೆ ಬೀಳುವ ಬಿಸಿಲೇ ಒಟ್ಟು 160 ವ್ಯಾಟ್. ಒಳ್ಳೆಯ ಪ್ಯಾನೆಲ್ ಕೂಡ ಅದರಲ್ಲಿ ಐದನೇ ಒಂದು ಭಾಗ, ಅಬ್ಬಬ್ಬಾ ಅಂದರೆ ಸ್ವಲ್ಪ ಜಾಸ್ತಿ ಕರೆಂಟ್ ಮಾಡುತ್ತೆ. 32 ರಿಂದ 35 ವ್ಯಾಟ್, ಅದೂ ಲ್ಯಾಬಿನಲ್ಲಿ 25 ಡಿಗ್ರಿಯಲ್ಲಿ ಇಟ್ಟಾಗ. ಅದಕ್ಕಿಂತ ಒಂದೊಂದು ಡಿಗ್ರಿ ಏರಿದರೂ ಸುಮಾರು 0.4 ಶೇಕಡಾ ಕಡಿಮೆ. ಪ್ಯಾನೆಲ್ 65 ಡಿಗ್ರಿಗೆ ಕಾದರೆ ಆರನೇ ಒಂದು ಪಾಲು ಅಲ್ಲೇ ಹೋಯಿತು. ನಿಜವಾದ ನೂರು ವ್ಯಾಟಿಗೆ ಅರ್ಧ ಚದರ ಮೀಟರ್ ಕಪ್ಪು ಭಾಗ ಬೇಕು, ಚೀಲದಲ್ಲಿ ತುರುಕುವ ಪುಸ್ತಕದಲ್ಲಿ ಅದು ಹೇಗೆ ಹಿಡಿಯುತ್ತೆ? ಮಾರಿದವರನ್ನು ಕೇಳಿದರೆ 'ಅದು ಪೀಕ್ ವ್ಯಾಟ್ ಸರ್' ಅಂದರು. ಯಾವ ಪೀಕೋ ಏನೋ. ವಾಪಸ್ ಕೊಡುವ ಏಳು ದಿನ ಮುಗಿದಿತ್ತು. ನಿಮಗೂ ಹೀಗೆ ಆದರೆ ನನ್ನ ಹಾಗೆ ಜಗಳ ಆಡುತ್ತಾ ಕೂರಬೇಡಿ, ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ.

ಇನ್ನೊಂದು ವಿಷಯ ಮಾಳಿಗೆ ಮೇಲೆ ಕೂತಾಗಲೇ ಗೊತ್ತಾಯಿತು. ಪಕ್ಕದ ಬಳ್ಳಾರಿ ಜಾಲಿಯ ಒಂದು ಟೊಂಗೆ, ಬೆರಳು ದಪ್ಪದ್ದು, ಅದರ ನೆರಳು ಒಂದು ಮಡಿಕೆ ಮೇಲೆ ಅಡ್ಡ ಬಿತ್ತು. ಮೀಟರ್ 16 ಇದ್ದದ್ದು ಸರ್ರನೆ 7ಕ್ಕೆ ಇಳಿಯಿತು. ಪ್ಯಾನೆಲ್ ಒಳಗಿನ ತುಂಡುಗಳನ್ನೆಲ್ಲ ಸರಪಳಿಯ ಹಾಗೆ ಜೋಡಿಸಿರುತ್ತಾರೆ, ಒಂದಕ್ಕೆ ನೆರಳು ಬಿದ್ದರೆ ಸಾಲಿಗೆ ಸಾಲೇ ಸೊರಗುತ್ತೆ. ಕಾಲುವೆ ಕೊನೆಯ ರೈತರಿಗೆ ಇದನ್ನು ಬಿಡಿಸಿ ಹೇಳುವುದು ಬೇಕಿಲ್ಲ, ಮೇಲೆ ಯಾರೋ ತೂಬು ಅಡ್ಡ ಹಾಕಿದರೆ ಕೆಳಗಿನವರ ಗತಿ ಏನು ಅಂತ ಅವರಿಗೇ ಗೊತ್ತು. ಮಾವ ಇದನ್ನು ಗಿಡದ ಟೊಂಗೆಗೇ ನೇತು ಹಾಕುತ್ತಿದ್ದರು, ಕುರಿ ತುಳಿಯುತ್ತವೆ ಅಂತ. ಅದೂ ಸರಿನೇ, ಏನು ಮಾಡೋದು.

ಈ ನಡುವೆ ಹಟ್ಟಿ ಹಾಕಿದ್ದ ಹೊಲದ ಗೌಡರು ಬೆಳೆಗೆ ಕೀಟನಾಶಕ ಹೊಡೆಯುವ ಪಂಪಿನ ಬ್ಯಾಟರಿ ತಂದು, 'ಇದಕ್ಕೂ ಎರಡು ವೈರ್ ಕೊಡ್ರಿ' ಅಂದರು. ಕೊಡಲಿಲ್ಲ. ಅದು 12 ವೋಲ್ಟಿನ ಬ್ಯಾಟರಿ. ಯುಎಸ್‌ಬಿ ಬಿಟ್ಟು ಪ್ಯಾನೆಲ್‌ಗೆ ಇರುವ ಉರುಟು ಪಿನ್ನಿನಲ್ಲಿ ವೋಲ್ಟ್ ಮೀಟರ್ ಇಟ್ಟರೆ 21 ವೋಲ್ಟ್ ತೋರಿಸುತ್ತೆ. ನಡುವೆ ಚಾರ್ಜ್ ಕಂಟ್ರೋಲರ್ ಇಲ್ಲದೆ ನೇರ ಕೊಟ್ಟರೆ ಬ್ಯಾಟರಿ ತುಂಬಿದ ಮೇಲೂ ಕರೆಂಟ್ ನುಗ್ಗುತ್ತಲೇ ಇರುತ್ತೆ, ಒಳಗಿನ ನೀರು ಗ್ಯಾಸ್ ಆಗಿ ಹೋಗುತ್ತೆ. ಗೌಡರಿಗೆ ಸ್ವಲ್ಪ ಬೇಜಾರಾಯಿತು, ಇರಲಿ.

ಹಾಗಂತ ಪ್ಯಾನೆಲ್ ಬಿಸಾಡಲಿಲ್ಲ. ಹದಿನೇಳು ವ್ಯಾಟ್ ಅಂದರೂ ಕುರಿ ಹಟ್ಟಿಗೆ ಸಾಕು. 5,000 ಎಂಎಎಚ್ ಮೊಬೈಲ್ ತುಂಬಲು ಬೇಕಾಗಿರುವುದು ಸುಮಾರು 19 ವ್ಯಾಟ್-ಅವರ್ (ಒಂದು ವ್ಯಾಟ್ ಒಂದು ಗಂಟೆ ಬಂದರೆ ಒಂದು ವ್ಯಾಟ್-ಅವರ್), ಒಂದೇ ಯುಎಸ್‌ಬಿಯಲ್ಲಿ ಹತ್ತು ವ್ಯಾಟ್ ಬಂದರೂ ಎರಡೂವರೆ ಮೂರು ಗಂಟೆಯಲ್ಲಿ ಆಗುತ್ತೆ. ಆದರೆ 20,000ದ ಪವರ್ ಬ್ಯಾಂಕ್ ಅಂದರೆ 74 ವ್ಯಾಟ್-ಅವರ್, ಅದು ಒಂದು ದಿನಕ್ಕೆ ತುಂಬುವ ಮಾತೇ ಇಲ್ಲ. ಈಗ ಮಾವನಿಗೆ ಬಿಐಎಸ್ ಗುರುತಿರುವ 10,000ದ್ದು ಕೊಡಿಸಿದ್ದೇನೆ. ಜೊತೆಗೆ ಎರಡು ಮೀಟರ್ ಉದ್ದದ ದಪ್ಪ ಕೇಬಲ್. ತೆಳ್ಳಗಿನ ಉದ್ದ ಕೇಬಲ್ ತರಬೇಡಿ, ದಾರಿಯಲ್ಲೇ ವೋಲ್ಟೇಜ್ ಬಿದ್ದುಹೋಗುತ್ತೆ. ಬೆಳಿಗ್ಗೆ ಏಳೂವರೆಗೆ ಪ್ಯಾನೆಲ್ ಸೂರ್ಯನ ಕಡೆ ಒರಗಿಸುತ್ತಾರೆ, ಹನ್ನೊಂದಕ್ಕೆಲ್ಲ ಮಡಚಿಬಿಡುತ್ತಾರೆ. ಬ್ಯಾಟರಿ ಮಾತ್ರ ಗುಡಾರದ ನೆರಳಲ್ಲಿ, ಬುಟ್ಟಿ ಕೆಳಗೆ. ಆ ಹಿಂದಿನ ಜೇಬನ್ನು ಅತ್ತೆ ದಬ್ಬಣದಿಂದ ಹೊಲಿದೇಬಿಟ್ಟಿದ್ದಾರೆ, ಡಬ್ಬಿಯ ಬಾಯಿ ಅಷ್ಟೇ ಹೊರಗೆ.

ಉಬ್ಬಿದ ಪವರ್ ಬ್ಯಾಂಕ್ ಇನ್ನೂ ನನ್ನ ಹತ್ತಿರವೇ ಇದೆ. ಅವತ್ತೇ ಹಳೇ ತಗಡಿನ ಡಬ್ಬಿಗೆ ಮರಳು ತುಂಬಿ ಅದರೊಳಗೆ ಹೂತು, ಮುಚ್ಚಳ ಬಿಗಿ ಮಾಡದೆ ಮಾಳಿಗೆಯ ಮೂಲೆಯಲ್ಲಿ ನೆರಳಿಗೆ ಇಟ್ಟಿದ್ದೇನೆ. ಚುಚ್ಚಲಿಲ್ಲ, ಬಿಚ್ಚಲಿಲ್ಲ. ಕಸದ ಗಾಡಿಗೆ ಹಾಕೋಣ ಅಂದರೆ ಅದು ಒಳಗೆ ಒತ್ತಿ ಹೊತ್ತಿಕೊಂಡರೆ ಆ ಗಾಡಿಯವರ ಗತಿ? ಮೊಬೈಲ್ ಅಂಗಡಿಯವರು ಮೂರು ಜನ ಮುಟ್ಟಲ್ಲ ಅಂದರು. ಕೊಪ್ಪಳದಲ್ಲೋ ಹೊಸಪೇಟೆಯಲ್ಲೋ ಇಂಥ ಬ್ಯಾಟರಿ ತಗೊಳ್ಳುವವರು ಯಾರಾದರೂ ನಿಮಗೆ ಗೊತ್ತಿದ್ದರೆ ತಿಳಿಸಿ, ಡಬ್ಬಿ ಸಮೇತ ನಾನೇ ತಂದು ಕೊಡುತ್ತೇನೆ.