ಸ್ಕೆಲಿಟನ್ ಕೋಸ್ಟ್‌ಗೆ ಹಳೇ ಬಾಡಿಗೆ ಗಾಡಿಯಲ್ಲಿ ಹೊರಟಿದ್ದೀರಾ? ಮೊದಲು ಸ್ಟೆಪ್ನಿ ಇಳಿಸಿ ನೋಡಿ

ನಮೀಬಿಯಾದಲ್ಲಿ ಗಾಡಿ ಓಡಿಸುವುದು ನಮಗೆ ಸಲೀಸು. ಅಲ್ಲೂ ಎಡಗಡೆಯೇ ಹೋಗಬೇಕು, ಸ್ಟಿಯರಿಂಗ್ ಬಲಗಡೆಯೇ. ಆದರೆ ಕಡಿಮೆ ಬಾಡಿಗೆಗೆ ಹಳೇ ಗಾಡಿ ಕೊಡುತ್ತೇವೆ ಅಂದರೆ ಸುಮ್ನೆ ಒಪ್ಪಿಕೊಳ್ಳಬೇಡಿ. ಅದರಲ್ಲೂ ಸ್ಕೆಲಿಟನ್ ಕೋಸ್ಟ್ ಕಡೆ, ಅಂದರೆ ಅಲ್ಲಿನ ಅಟ್ಲಾಂಟಿಕ್ ದಡದ ಮರುಭೂಮಿ ಕಡೆ ಹೋಗುವುದಿದ್ದರೆ ಬೇಡವೇ ಬೇಡ. ನಾನು, ನಮ್ಮ ಭಾವ ಅನುಭವಿಸಿದ್ದು ಇನ್ನೊಬ್ಬರಿಗೆ ಆಗಬಾರದು.

ರಾಜಧಾನಿ ವಿಂಡ್‌ಹುಕ್‌ನಲ್ಲಿ ನಮಗೆ ಸಿಕ್ಕಿದ್ದು 3 ಲಕ್ಷ ಕಿಲೋಮೀಟರ್ ದಾಟಿದ ಡಬಲ್ ಕ್ಯಾಬ್ ಪಿಕಪ್. ಎಂಜಿನ್ ಚೆನ್ನಾಗಿತ್ತು. ನಾಲ್ಕೂ ಟೈರ್ ನೋಡಿದೆವು, ಸ್ಟೆಪ್ನಿ ಎಲ್ಲಿ ಅಂತ ಕೇಳಿದೆವು. ಗಾಡಿಯ ತಳದಲ್ಲಿ ಚೈನಿಗೆ ನೇತುಹಾಕಿದ್ದನ್ನು ಬಗ್ಗಿ ತೋರಿಸಿದರು. ಇಳಿಸಿ ತೋರಿಸಿ ಅಂದರೆ, ಎಲ್ಲ ಸರ್ವಿಸ್ ಆಗಿದೆ, ಚಿಂತೆ ಬೇಡ ಅಂತ ಹೇಳಿ ಸಹಿ ಹಾಕಿಸಿಕೊಂಡರು.

ಆ ಮರುಭೂಮಿ ಅಂದರೆ ಬರೀ ಬಿಸಿಲು, ಮರಳು ಅಲ್ಲ. ಬೆಂಗ್ವೆಲಾ ಅನ್ನುವ ತಣ್ಣನೆಯ ಸಮುದ್ರ ಪ್ರವಾಹ ದಡಕ್ಕೆ ತಾಗಿಕೊಂಡೇ ಹರಿಯುತ್ತದೆ, ಹಾಗಾಗಿ ಬೆಳಗ್ಗೆ ದಟ್ಟ ಮಂಜು. ಹೆಂಟೀಸ್ ಬೇ ದಾಟಿದ ಮೇಲೆ ಸಿ34 ಉಪ್ಪಿನ ರಸ್ತೆ. ಜಿಪ್ಸಂ ಮಣ್ಣಿಗೆ ಉಪ್ಪುನೀರು ಹಾಕಿ ಗಟ್ಟಿ ಮಾಡಿರುತ್ತಾರೆ. ಒಣಗಿದ್ದಾಗ ಟಾರ್ ರಸ್ತೆಯಷ್ಟೇ ನುಣುಪು. ಮಂಜು ಬಿದ್ದರೆ ಪಾಚಿ ಕಟ್ಟಿದ ಬಚ್ಚಲಿನ ಹಾಗೆ ಜಾರುತ್ತದೆ, ಉಪ್ಪುಕೆಸರು ತಳಕ್ಕೆಲ್ಲ ರಾಚುತ್ತದೆ. ವರ್ಷಗಟ್ಟಲೆ ಇಂಥ ಕಡೆ ತಿರುಗಿದ ಗಾಡಿಯ ತಳ ಹೇಗಿರಬೇಡ! ಬ್ರೇಕ್ ಪೈಪ್, ಸ್ಪ್ರಿಂಗ್ ಪಟ್ಟಿ, ನಟ್ಟು, ಬೋಲ್ಟು ಎಲ್ಲಕ್ಕೂ ತುಕ್ಕು. ಮೇಲಿನ ಬಣ್ಣ ಮಾತ್ರ ಫಳಫಳ.

ಕೇಪ್ ಕ್ರಾಸ್‌ನಲ್ಲಿ ಸೀಲ್ ಅನ್ನುವ ಕಡಲ ಪ್ರಾಣಿಗಳನ್ನು ನೋಡಿಕೊಂಡು ಸ್ಕೆಲಿಟನ್ ಕೋಸ್ಟ್ ಪಾರ್ಕಿನ ಉಗಾಬ್ ಗೇಟ್ ದಾಟಿದೆವು. ಗೇಟಿನ ಮೇಲೇ ತಲೆಬುರುಡೆಯ ಚಿತ್ರ ಇದೆ. ಅಲ್ಲಿಂದ ಮುಂದೆ ಅಲೆ ಅಲೆಯಾಗಿ ಎದ್ದ ಜಲ್ಲಿ ರಸ್ತೆ, ಮೊಬೈಲ್ ಸಿಗ್ನಲ್ ಇಲ್ಲ. ಟೋರಾ ಬೇ ಇನ್ನೂ ದೂರ ಇರುವಾಗಲೇ ಹಿಂದಿನ ಎಡಗಡೆ ಟೈರಿನ ಪಕ್ಕೆ ಸೀಳಿತು.

ರಾಡ್ ತೂರಿಸಿ ತಿರುಗಿಸಿದರೆ ಸ್ಟೆಪ್ನಿ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಭಾವ ಅಂಗಾತ ಮಲಗಿ ಟಾರ್ಚ್ ಬಿಟ್ಟು ನೋಡಿದರು. ಚೈನಿನ ಕೊಂಡಿಗಳೆಲ್ಲ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡು ಸರಳಿನಂತಾಗಿದ್ದವು. ಎಣ್ಣೆ ಸವರಿದೆವು, ಕಲ್ಲಿನಿಂದ ಬಡಿದೆವು. ಬರೀ ತುಕ್ಕಿನ ಪುಡಿ ಅವರ ಮುಖಕ್ಕೆ ಉದುರಿತು. ಹೊಸ ಗಾಡಿಯಾದರೆ ಅರ್ಧ ಗಂಟೆ ಕೆಲಸ ಅಲ್ವಾ? ನಾವು ಸಂಜೆವರೆಗೂ ಅಲ್ಲೇ ಕೂತೆವು. ಕುಡಿಯುವ ನೀರು 20 ಲೀಟರ್ ಇತ್ತು, ಅದೊಂದೇ ಧೈರ್ಯ.

ಕೊನೆಗೆ ಟೆರೇಸ್ ಬೇಗೆ ಮೀನು ಹಿಡಿಯಲು ಹೊರಟಿದ್ದ ದಂಪತಿ ಬಂದರು. ಅವರ ಹತ್ತಿರ ಹ್ಯಾಕ್ಸಾ ಇತ್ತು. ಚೈನನ್ನೇ ಕೊಯ್ದು ಸ್ಟೆಪ್ನಿ ಇಳಿಸಿದರು. ಅದರಲ್ಲಿ ಗಾಳಿಯೇ ಇರಲಿಲ್ಲ, ರಬ್ಬರ್ ತುಂಬ ಕೂದಲೆಳೆಯಂಥ ಬಿರುಕು. ತಮ್ಮ ಕಂಪ್ರೆಸರ್‌ನಲ್ಲೇ ಗಾಳಿ ಹಾಕಿಕೊಟ್ಟು, ನಾವು ರೂಮ್ ಬುಕ್ ಮಾಡಿದ್ದ ಟೆರೇಸ್ ಬೇವರೆಗೂ ನಮ್ಮ ಹಿಂದೆಯೇ ಬಂದರು. ಆ ಪುಣ್ಯಾತ್ಮರ ಋಣ ದೊಡ್ಡದು.

ವಾಪಸ್ ಕೊಟ್ಟಾಗ ಬಾಡಿಗೆಯವರು ಟೈರಿನ ದುಡ್ಡನ್ನೂ ಕೊಯ್ದ ಚೈನಿನ ದುಡ್ಡನ್ನೂ ಡೆಪಾಸಿಟ್‌ನಲ್ಲಿ ಹಿಡಿದುಕೊಂಡರು. ಟೈರು, ಗಾಜು, ಗಾಡಿಯ ತಳ ಇವು ಯಾವುದೂ ಇನ್ಶೂರೆನ್ಸ್‌ಗೆ ಬರುವುದಿಲ್ಲವಂತೆ. ದುಡ್ಡು ಹೋಗಲಿ. ಇಳಿಯದ ಸ್ಟೆಪ್ನಿ ಕೊಟ್ಟು ಜನರನ್ನು ಆ ದಾರಿಗೆ ಕಳಿಸುವುದು ಶುದ್ಧ ಅನ್ಯಾಯ.

ಹೋಗುವವರು ಗಾಡಿಯನ್ನು ಅಂಗಳದಲ್ಲೇ ನಿಲ್ಲಿಸಿ ಸ್ಟೆಪ್ನಿ ಪೂರ್ತಿ ಇಳಿಸಿಸಿ, ಮತ್ತೆ ಏರಿಸಿಸಿ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 1411 ಅಂತಿದ್ದರೆ ಅದು 2011ರ 14ನೇ ವಾರ ತಯಾರಾದದ್ದು. ಎರಡು ಸ್ಟೆಪ್ನಿ, ಗಾಳಿ ಹಾಕುವ ಕಂಪ್ರೆಸರ್ ಕೇಳಿ ತಗೊಳ್ಳಿ, ಸ್ಯಾಟಲೈಟ್ ಫೋನ್ ಸಿಕ್ಕರೆ ಇನ್ನೂ ಒಳ್ಳೆಯದು. ಗಾಡಿ ಕೆಟ್ಟರೆ ದಯವಿಟ್ಟು ಅದನ್ನು ಬಿಟ್ಟು ನಡೆದು ಹೊರಡಬೇಡಿ. ಆ ಕಡೆ ಸಿಂಹಗಳು ಸಮುದ್ರದ ದಡದವರೆಗೂ ಬರುತ್ತವೆ.

ಡೆಪಾಸಿಟ್ ಬಗ್ಗೆ ಕಂಪನಿಗೆ ಫೋಟೋ ಸಮೇತ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.