ಚಿಕ್ಕದಾಗಿ ಹುಟ್ಟಿದ ಮಗು: ಹಾರ್ಮೋನ್ ಇಂಜೆಕ್ಷನ್ನಾ, ಕಾಯೋದಾ?

ಅಕ್ಕಾ, ಚಿಕ್ಕದಾಗಿ ಹುಟ್ಟಿದ ಮಗಳಿಗೆ ಎತ್ತರ ಬೆಳೆಸುವ ಗ್ರೋತ್ ಹಾರ್ಮೋನ್ ಇಂಜೆಕ್ಷನ್ ಕೊಡಿಸಬೇಕಾ ಅಂತ ಕೇಳಿದ್ರಿ. ಅವಳಿಗೆ 2 ವರ್ಷ ತುಂಬಿಲ್ಲ ಅಂದರೆ ಕಾಯಿರಿ. ಇಂಥ ಹತ್ತು ಮಕ್ಕಳಲ್ಲಿ ಎಂಟೊಂಬತ್ತು ಅಷ್ಟರೊಳಗೆ ತಾವೇ ಎತ್ತರವಾಗುತ್ತವೆ. 4 ದಾಟಿಯೂ ತೀರಾ ಗಿಡ್ಡ ಇದ್ದರೆ ಇಂಜೆಕ್ಷನ್ ಯೋಚಿಸಬಹುದು.

ಇಂಜೆಕ್ಷನ್‌ನಿಂದ ಸಕ್ಕರೆ ಕಾಯಿಲೆ ಬರುತ್ತಾ ಅನ್ನೋದು ನಿಮ್ಮ ಭಯ, ಅಲ್ವಾ? ಇಂಜೆಕ್ಷನ್ ನಡೆಯುವಾಗ ರಕ್ತದಲ್ಲಿ ಇನ್ಸುಲಿನ್ (ಸಕ್ಕರೆಯನ್ನು ಹತೋಟಿಯಲ್ಲಿಡುವ ಹಾರ್ಮೋನ್) ಏರುತ್ತದೆ. ಸಕ್ಕರೆ ಸಾಮಾನ್ಯವಾಗಿ ಮಿತಿಯಲ್ಲೇ ಇರುತ್ತದೆ. ನಿಲ್ಲಿಸಿದ ಮೇಲೆ ಇನ್ಸುಲಿನ್ ಬಹುತೇಕ ಇಳಿಯುತ್ತದೆ. ಜೊತೆಗೆ ಕೊಬ್ಬು ಕರಗಿ ಸ್ನಾಯು ಬೆಳೆಯುತ್ತದೆ, ಕೊಲೆಸ್ಟ್ರಾಲ್ ಕೂಡ ಸುಧಾರಿಸಬಹುದು. ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ರಕ್ತ ಪರೀಕ್ಷೆ ಮಾಡಿಸಿ, ಆಮೇಲೂ ಪರೀಕ್ಷೆ ಬಿಡಬೇಡಿ.

ಇಂಜೆಕ್ಷನ್ ಕೊಡಿಸದೆ ಕಾದರೂ ಸಕ್ಕರೆ ಕಾಯಿಲೆಯ ಅಪಾಯ ಪೂರ್ತಿ ಹೋಗಲ್ಲ. ಸುಮ್ನೆ ದಪ್ಪ ಮಾಡಲು ಬೆಣ್ಣೆ ದೋಸೆ ತುರುಕಿದರೆ ಅದೇ ಸಕ್ಕರೆಗೆ ದಾರಿ.

ಖರ್ಚು? ಸಾಮಾನ್ಯವಾಗಿ ದಿನಾ ಚುಚ್ಚಬೇಕು, ವರ್ಷಗಟ್ಟಲೆ. ತೂಕ ಏರಿದಂತೆ ಡೋಸೂ ಏರುತ್ತದೆ. ನಡುವೆ ನಿಲ್ಲಿಸುವ ಪರಿಸ್ಥಿತಿ ಇದ್ದರೆ, ಶುರು ಮಾಡುವ ಮುಂಚೆಯೇ ದಾವಣಗೆರೆಯ ಮಕ್ಕಳ ಡಾಕ್ಟರ ಹತ್ತಿರ ಲೆಕ್ಕ ಹಾಕಿಸಿ.